ನೀರು ಬಾರದ ಹಾಗೆ

ರಾಯಚೂರಿನ ವೈಶಾಖದ ಬಿಸಿಲಿನಲ್ಲಿ ನಿಂತು, ಕೈಗಳನ್ನು ಬೆಚ್ಚಗಿಡುವ ಗವಸಿನ ಮಾತನ್ನೆತ್ತಿದರೆ ಕೇಳಿದವರು ನಕ್ಕಾರು. ಕೋಟೆಯ ಕಲ್ಲನ್ನು ಮುಟ್ಟಿದರೆ ಅಂಗೈ ಸುಡುವ ಆ ಊರಿನಲ್ಲಿ ಗವಸು ಬೇಕಾದರೆ ಬಿಸಿಗೆ ಬೇಕು, ಚಳಿಗಲ್ಲ. ಆದರೂ ನಾರ್ವೆಯಂಥ ಶೀತದೇಶಗಳ ಕಡಲಿನಲ್ಲಿ, ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಮುಳುಗುವವರು ತೊಡುವ ಒಣಗವಸಿಗೂ, ಕೃಷ್ಣಾ ತುಂಗಭದ್ರೆಗಳ ದಡದಲ್ಲಿ ಬೋರಲಾಗಿ ಮಲಗಿರುವ ಹರಿಗೋಲಿಗೂ ನಂಟು ಬಹಳ ದೂರದ್ದಲ್ಲ. ಎರಡರ ಧರ್ಮವೂ ಒಂದೇ: ಸುತ್ತ ನೀರಿರಬೇಕು, ಒಳಗೆ ಹನಿ ಬರಬಾರದು.

ನೀರು ಗಾಳಿಗಿಂತ ಸುಮಾರು 25 ಪಟ್ಟು ಚುರುಕಾಗಿ ಶಾಖವನ್ನು ಸಾಗಿಸುತ್ತದೆ. ಅದಕ್ಕಾಗಿಯೇ ಮುಳುಗುವವನು ಉಣ್ಣೆಯ ಗವಸೊಂದನ್ನು ತೊಟ್ಟು, ಅದರ ಮೇಲೆ ರಬ್ಬರಿನ ಇನ್ನೊಂದನ್ನು ಏರಿಸಿ, ನಡುವೆ ತುಸು ಗಾಳಿಯನ್ನು ಸೆರೆಹಿಡಿದುಕೊಂಡು ನೀರಿಗಿಳಿಯುತ್ತಾನೆ. ಚಿಪ್ಪಿನ ಅಂಚು ತಗುಲಿ ಸೂಜಿಮೊನೆಯಷ್ಟು ರಂಧ್ರವಾದರೂ ಸಾಕು, ಉಣ್ಣೆ ತೊಯ್ದು ಬೆರಳು ಮರಗಟ್ಟುತ್ತದೆ. ಮರಗಟ್ಟಿದ ಬೆರಳಿಗೆ ಉಸಿರಿನ ಸಿಲಿಂಡರಿನ ತಿರುಪೂ ಮಣಿಯುವುದಿಲ್ಲ. ಇಂಥ ಗವಸಿನ ರಿಪೇರಿ ಹೇಗೆಂದು ಕೇಳಿದರೆ ರಾಯಚೂರಿನ ಯಾವ ಸೈಕಲ್ ಅಂಗಡಿಯ ಹುಡುಗನಾದರೂ ಹೇಳಬಲ್ಲನು. ಗಾಳಿ ತುಂಬಿ, ಬಾಯಿಯನ್ನು ತಿರುಚಿ ಹಿಡಿದು, ನೀರಿನ ಬೋಗುಣಿಯಲ್ಲಿ ಅದ್ದಬೇಕು. ಗುಳ್ಳೆ ಎದ್ದಲ್ಲಿ ಗುರುತು ಹಾಕಿ, ಚೆನ್ನಾಗಿ ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ತೆಳ್ಳಗೆ ಸೊಲ್ಯೂಷನ್ ಬಳಿಯಬೇಕು. ಬಳಿದ ಕೂಡಲೇ ತೇಪೆಯನ್ನು ಒತ್ತುವವನು ಕೆಲಸ ಕಲಿಯದವನು. ಸೊಲ್ಯೂಷನ್ನಿನ ದ್ರಾವಕ ಹಾರಿಹೋಗುವ ತನಕ ಕಾಯದಿದ್ದರೆ ತೇಪೆ ಹಿಡಿದಂತೆ ತೋರಿ, ಮರುದಿನವೇ ಕಿತ್ತುಬರುತ್ತದೆ. ಸೈಕಲ್ಲಿಗಾದರೆ ಹೆಚ್ಚೆಂದರೆ ತಳ್ಳಿಕೊಂಡು ಮನೆಗೆ ಹೋಗಬಹುದು. ನಡುನೀರಿನಲ್ಲಿ ಹಾಗಿಲ್ಲ.

ಎರಡು ಹೊಳೆಗಳ ನಡುವಣ ಈ ಸೀಮೆಗೆ ಹಿಂದಿನವರು ಎಡೆದೊರೆನಾಡೆಂದು ಹೆಸರಿಟ್ಟರು. ಬಡಗಣ ಗಡಿಗೆ ದೇವದುರ್ಗದ ಪಕ್ಕದಲ್ಲಿ ಕೃಷ್ಣೆ, ತೆಂಕಣ ಗಡಿಗೆ ಮಾನ್ವಿಯ ಕಡೆ ತುಂಗಭದ್ರೆ. ದಾಟದೆ ಬದುಕಿಲ್ಲ, ದಾಟುವುದಕ್ಕೆ ಹರಿಗೋಲೇ ಗತಿ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ಈ ಬುಟ್ಟಿದೋಣಿಗಳನ್ನು ಕಂಡು ಬೆರಗಾದನು: ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ, ಹದಿನೈದಿಪ್ಪತ್ತು ಜನ ಹಿಡಿಸುವಷ್ಟು ಅಗಲ, ನೇರವಾಗಿ ಸಾಗಲರಿಯದೆ ಗಿರಗಿರನೆ ತಿರುಗುತ್ತಲೇ ಮುಂದುವರಿಯುತ್ತವೆ ಎಂದು ಬರೆದಿಟ್ಟನು. ಅದೇ 1520ರಲ್ಲಿ ರಾಯಚೂರಿನ ಕೋಟೆಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಸುಲ್ತಾನನಿಗೂ ಯುದ್ಧವಾಯಿತು. ಸೋತು ಹಿಮ್ಮೆಟ್ಟಿದ ಸೈನ್ಯದಲ್ಲಿ ಎಷ್ಟೋ ಮಂದಿ ಕೃಷ್ಣೆಯನ್ನು ಮರಳಿ ದಾಟಲಾರದೆ ಅಲ್ಲಿಯೇ ಮುಳುಗಿದರು. ಆನೆ ಕುದುರೆಗಳ ಲೆಕ್ಕವಿಟ್ಟ ಚರಿತ್ರೆಕಾರರು ಹರಿಗೋಲನ್ನು ಹೊಲಿದವರ ಲೆಕ್ಕವಿಡಲಿಲ್ಲ.

ಆ ಹೊಲಿದವರದೂ ಒಂದು ವಿಚಿತ್ರ ಕಥೆಯೇ. ತೊಗಲನ್ನು ಹದಮಾಡಿ, ಹೊಳೆಗೆ ಹರಿಗೋಲಿನ ಹೊದಿಕೆಯನ್ನೂ ಬಾವಿಗೆ ಕಪಿಲೆಯ ಚೀಲವನ್ನೂ ಹೊಲಿದುಕೊಟ್ಟ ಕೈಗಳನ್ನು ಊರು ಹೊರಗೇ ಇಟ್ಟಿತ್ತು. ಅವರ ನೆರಳಿಗೆ ಅಂಜುತ್ತಿದ್ದ ಮಡಿವಂತರು ಅವರ ಹೊಲಿಗೆಯ ಮೇಲೆ ಕುಳಿತು ಹೊಳೆಯನ್ನು ದಾಟುವಾಗ ಮಾತ್ರ ಮಡಿಯ ಮಾತೆತ್ತಿದಂತಿಲ್ಲ. ಮಾನ್ವಿ ಸೀಮೆಯ ಚೀಕಲಪರ್ವಿ, ತುಂಗಭದ್ರೆಯ ದಡದ ಊರು, ವಿಜಯದಾಸರ ಹುಟ್ಟೂರು. ಅವರು ಯಾರ ಪರಂಪರೆಯಲ್ಲಿ ಹಾಡಿದರೋ ಆ ಪುರಂದರದಾಸರು ದೇಹವನ್ನೇ ಒಂಬತ್ತು ತೂತಿನ ಹರಿಗೋಲಾಗಿ ಕಂಡು, ದೇವರನ್ನು ಅಂಬಿಗನೆಂದು ಕರೆದರು. ನಿಜವಾದ ಅಂಬಿಗನನ್ನು ಕೇಳಿದರೆ ಒಂಬತ್ತು ಬಹಳವಾಯಿತು, ಒಂದೇ ಸಾಕು ಎಂದಾನು.

ಈಚಿನ ಹರಿಗೋಲಿಗೆ ತೊಗಲಿಲ್ಲ. ಬಿದಿರ ಸೀಳಿನ ಹೆಣಿಗೆಯ ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ ದಬ್ಬಳದಿಂದ ಹೊಲಿದು, ಮೇಲೆ ಡಾಂಬರನ್ನು ಕಾಸಿ ಬಳಿಯುತ್ತಾರೆ. ತೊಗಲು ಬಹುಕಾಲ ನೀರಿನಲ್ಲಿದ್ದರೆ ಮೆತ್ತಗಾಗಿ ಕೊಳೆಯುತ್ತಿತ್ತು, ದಿನವೂ ಒಣಗಿಸಬೇಕಿತ್ತು; ಚೀಲಕ್ಕೆ ಆ ಚಿಂತೆಯಿಲ್ಲ. ಆದರೆ ಬಿಸಿಲಿಗೆ ಅದು ಗರಿಗಟ್ಟಿ ಸೀಳುತ್ತದೆ. ಇನ್ನೊಂದು ಮಾತು: ಹರಿಗೋಲು ಹರಿಯುವುದು ನಡುಹೊಳೆಯಲ್ಲಿ ಅಲ್ಲ, ದಡದಲ್ಲಿ, ಜನವಿಳಿದ ಮೇಲೆ ಕಲ್ಲಿನ ಮೇಲೆ ಎಳೆಯುವಾಗ. ಆದ ಗಾಯವನ್ನು ಹುಡುಕುವ ರೀತಿ ಬಲು ಚೆಂದ. ಹರಿಗೋಲನ್ನು ಬೋರಲು ಮಾಡಿ, ಒಂದು ಅಂಚನ್ನು ಎತ್ತಿ ಕೋಲು ಕೊಟ್ಟು, ಅಂಬಿಗ ಅದರಡಿಯಲ್ಲಿ ತಲೆಯಿಟ್ಟು ಮೇಲೆ ನೋಡುತ್ತಾನೆ. ಕತ್ತಲೆಯಲ್ಲಿ ಎಲ್ಲಿ ಬಿಸಿಲಿನ ಎಳೆ ಇಳಿದುಬರುತ್ತದೆಯೋ ಅಲ್ಲಿ ತೂತು. ಒಳಗಿನಿಂದ ಬೆರಳಿಟ್ಟು ಕೂಗುತ್ತಾನೆ. ಹೊರಗೆ ನಿಂತ ಮಗ ಇದ್ದಲಿನಿಂದ ಗುರುತು ಮಾಡುತ್ತಾನೆ. ಆಮೇಲೆ ಚೀಲದ ತುಂಡು, ದಬ್ಬಳ, ಡಾಂಬರು. ಬಳಿದ ಡಾಂಬರು ಆರುವ ತನಕ ಇಲ್ಲಿಯೂ ಕಾಯಲೇಬೇಕು.

ಕಷ್ಟವಿರುವುದು ಈ ಕಾಯುವುದರಲ್ಲಿಯೇ. ಕುರ್ವಕಲಾ, ಕುರ್ವಕುರ್ದಾ ಎಂಬ ನಡುಗಡ್ಡೆಯ ಹಳ್ಳಿಗಳು ರಾಯಚೂರು ತಾಲ್ಲೂಕಿನವೇ. ಕೃಷ್ಣೆಯ ನಡುವೆ, ತಲೆಮಾರುಗಳಿಂದ ಹರಿಗೋಲನ್ನೇ ನಂಬಿ ಬಾಳಿದವು. ನಾರಾಯಣಪುರದ ಅಣೆಕಟ್ಟಿನ ಬಾಗಿಲುಗಳನ್ನು ತೆರೆದರೆ ಹೊಳೆ ಗುರುತು ಸಿಗದಂತಾಗುತ್ತದೆ. 2019ರ ಆಗಸ್ಟಿನಲ್ಲಿ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿಯ ಸೇತುವೆಯೇ ನೀರಿನಡಿ ಹೋಗಿ, ಶಹಾಪುರದ ಕಡೆಯ ದಾರಿ ಕಡಿಯಿತು. ಮರುವರ್ಷ, 2020ರ ಆಗಸ್ಟಿನಲ್ಲಿ, ಕುರ್ವಕಲಾದ ಬಳಿ ಹರಿಗೋಲೊಂದು ಮಗುಚಿ, ದಾಟುತ್ತಿದ್ದ ಹೆಂಗಸರಲ್ಲಿ ಕೆಲವರು ಪ್ರವಾಹದ ಪಾಲಾದರು. ಹೊಳೆಯ ಸೆಳೆತಕ್ಕೆ ಯಾವ ತೇಪೆಯೂ ಮದ್ದಲ್ಲ, ದಿಟ. ಆದರೆ ತುಂಬಿದ ಹರಿಗೋಲಿನೊಳಕ್ಕೆ ಜಿನುಗಿದ ನಾಲ್ಕು ಬೊಗಸೆ ನೀರನ್ನು ಕಂಡು ಒಬ್ಬ ಬೆದರಿ ಎದ್ದು ನಿಂತರೆ ಉಳಿದುದನ್ನು ಹೊಳೆ ತಾನೇ ಮಾಡುತ್ತದೆ.

ಆದುದರಿಂದ ಅಂಬಿಗನ ಗಟ್ಟಿತನ ಹುಟ್ಟುಹಾಕುವ ತೋಳಿಗಿಂತ ಹೆಚ್ಚಾಗಿ ನಾಲಗೆಯಲ್ಲಿದೆ ಎನ್ನಬೇಕು. ಸಂತೆಯ ದಿನ, ಮೊಸರ ಗಡಿಗೆಯ ಅಜ್ಜಿ, ಪರೀಕ್ಷೆಯ ಹುಡುಗ, ಬಸುರಿ ಹೆಣ್ಣುಮಗಳು ದಡದಲ್ಲಿ ಕಾದಿರುತ್ತಾರೆ. ಡಾಂಬರು ಇನ್ನೂ ಬೆರಳಿಗೆ ಅಂಟುತ್ತಿರುತ್ತದೆ. "ಯಣ್ಣಾ, ಒಂದು ಸಲ ದಾಟಿಸಿಬಿಡೋ" ಎನ್ನುತ್ತಾರೆ. ದಾಟಿಸಿದರೆ ಕೂಲಿಯುಂಟು, ದಾಟಿಸದಿದ್ದರೆ ಬೈಗುಳವುಂಟು, ಮನೆಯಲ್ಲಿ ಒಲೆಯ ಚಿಂತೆಯುಂಟು. ಆತ ಇನ್ನೊಮ್ಮೆ ಬೆರಳಿಟ್ಟು ನೋಡುತ್ತಾನೆ.

"ಇವತ್ತು ಬಿಡಂಗಿಲ್ರೀ. ಹುಡುಗನ ಪರೀಕ್ಷೆ ಇದ್ದರ ಆಚಿ ದಂಡಿಯವ್ನ ಹರಿಗೋಲು ಕರೀತೀನಿ, ತಡೀರಿ."

ಹಾಗೆಂದು ಕೈಗಳನ್ನು ಬಾಯಿಯ ಸುತ್ತ ಹಿಡಿದು, ತನ್ನ ಆ ದಿನದ ಕೂಲಿಯನ್ನು ಎದುರು ದಡದವನಿಗೆ ಒಪ್ಪಿಸುತ್ತ, ಹೊಳೆಯ ಮೇಲೆ ಕೂಗು ಹಾಕುತ್ತಾನೆ.