ಡಾಂಬರು ಮುಗಿದ ಮೇಲಿನ ಹೊಲಗಳು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಿಟ್ಟು ಪಾವಗಡದ ದಾರಿ ಹಿಡಿದರೆ ಕಣ್ಣು ಹಾಯುವವರೆಗೂ ಕೆಂಪು ಮಸಾರಿ ನೆಲ. ಶೇಂಗಾ ಕಿತ್ತು ಕಾಯಿ ಬಿಡಿಸುವ ಕಾಲದಲ್ಲಿ ಇಲ್ಲಿಗೆ ಬರಬೇಕು. ಹೊಲಹೊಲದಲ್ಲೂ ಹೆಂಗಸರ ಗುಂಪು, ಗಾಳಿಯ ತುಂಬ ಹಸಿ ಮಣ್ಣಿನ ವಾಸನೆ. ಚಳ್ಳಕೆರೆ ಎಣ್ಣೆ ಗಿರಣಿಗಳಿಗೆ ಹೆಸರಾದ ಊರು. ಆ ಗಿರಣಿಗಳಿಗೆ ಬೀಜ ಕೊಟ್ಟ ಹೊಲಗಳಿಗೆ ಮಾತ್ರ ಮಳೆಯೇ ಗತಿ.

ನಾನು ಬಂದದ್ದು ಬೆಳೆ ನೋಡಲಿಕ್ಕಲ್ಲ. ಸರ್ಕಾರದ ಕೃಷಿ ಸಲಹೆ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ದಣಿದು ಕೂರುತ್ತದೆ ಎಂದು ನೋಡಲಿಕ್ಕೆ. ರಸ್ತೆ ಪಕ್ಕದ ತೋಟವೊಂದರಲ್ಲಿ ಪ್ರಾತ್ಯಕ್ಷಿಕೆಯ ಬೋರ್ಡು, ಕೊಳವೆಬಾವಿ, ಹನಿ ನೀರಾವರಿ. ಜೀಪು ನಿಲ್ಲಿಸಲು ನೆರಳೂ ಇದೆ! ಯಾರೂ ಹೇಳದಿದ್ದರೂ ಈ ಯಜಮಾನರು ವಿಚಾರಿಸಿ ತಿಳಿದುಕೊಳ್ಳಬಲ್ಲವರು.

ಇದು ಹಳೆಯ ಚಾಳಿ. ವಿಶ್ವಬ್ಯಾಂಕಿನ ನೆರವಿನ ‘ತರಬೇತಿ ಮತ್ತು ಭೇಟಿ’ ಪದ್ಧತಿಯಲ್ಲಿ ಕೃಷಿ ಸಹಾಯಕರು ಹದಿನೈದು ದಿನಕ್ಕೊಮ್ಮೆ ‘ಸಂಪರ್ಕ ರೈತ’ನಿಗೆ ಹೇಳಬೇಕು, ಅವನು ನೆರೆಹೊರೆಗೆ ಹೇಳಬೇಕು. ಆಯ್ಕೆಯಾದವನು ಹೆಚ್ಚಾಗಿ ಉಳ್ಳವನು. ಮಾತು ಎಷ್ಟೋ ಸಲ ಅವನ ಜಗಲಿ ಇಳಿಯಲಿಲ್ಲ. 2009ರಲ್ಲಿ ಬಂದ ‘ಭೂಚೇತನ’ ಬೇರೆ ಜಾಡು ಹಿಡಿಯಿತು. ಇಕ್ರಿಸಾಟ್ ಸಂಸ್ಥೆಯ ಜೊತೆಗೂಡಿ, ಮೊದಲ ವರ್ಷದ ಆರು ಜಿಲ್ಲೆಗಳಲ್ಲಿ ಚಿತ್ರದುರ್ಗವನ್ನೂ ಸೇರಿಸಿ, ಮಳೆಯಾಶ್ರಿತ ಹೊಲಗಳ ಮಣ್ಣು ಪರೀಕ್ಷಿಸಿದರು. ಸಿಕ್ಕಿದ್ದು ಗಂಧಕ, ಸತು, ಬೋರಾನ್ ಕೊರತೆ. ಯಾರಿಗೆ ಏನು ಹೇಳಬೇಕೆಂದು ಮಣ್ಣೇ ಹೇಳಿತು. ಹೇಳಬೇಕಾದ ಮನೆಗೆ ಹೋಗಿ ತಲುಪಿಸುವ ಕೆಲಸ ಮಾತ್ರ ಮಣ್ಣಿನದಲ್ಲವಲ್ಲ.

ಡಾಂಬರು ಮುಗಿದು ಮೈಲಿ ನಡೆದ ಮೇಲೆ ಒಂದು ಹೊಲದಲ್ಲಿ ಅಜ್ಜಿಯೊಬ್ಬರು ಕಾಯಿ ಬಿಡಿಸುತ್ತಿದ್ದರು. ಎರಡು ಬೆರಳಲ್ಲಿ ಕಾಯಿಯೊಂದನ್ನು ಒತ್ತಿ ತೋರಿಸಿದರು. ಜೊಳ್ಳು.

‘ಹೂ ಬಿಟ್ಟಾಗ ಜಿಪ್ಸಂ ಹಾಕಿದ್ರಾ, ಅಜ್ಜಿ?’

‘ಅದ್ಯಾವ ಗೊಬ್ರನಪ್ಪಾ?’

ಶೇಂಗಾ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಬೇರಿನಿಂದ ಪಡೆಯುವುದಿಲ್ಲ, ಸುತ್ತಲ ಮಣ್ಣಿನಿಂದ ತಾನೇ ಹೀರುತ್ತದೆ. ಜಿಪ್ಸಂ ಆ ಕ್ಯಾಲ್ಸಿಯಮ್ಮನ್ನೂ ಗಂಧಕವನ್ನೂ ಒಟ್ಟಿಗೆ ಕೊಡುತ್ತದೆ. ದುಬಾರಿ ವಸ್ತುವೇನೂ ಅಲ್ಲ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿಲ್ಲವೇ ಎಂದೆ. ಒಮ್ಮೆ ಹೋಗಿದ್ದರಂತೆ. ಪಹಣಿ ತೀರಿಹೋದ ಮಾವನ ಹೆಸರಿನಲ್ಲೇ ಇದೆ. ರಿಯಾಯಿತಿಗೆ ದಾಖಲೆ ಕೇಳಿದ್ದಾರೆ, ಇವರು ವಾಪಸು ಬಂದಿದ್ದಾರೆ.

‘ಅದೇನೋ ಅಂದ್ಯಲ್ಲ, ಚೀಟಿ ಬರ್ಕೊಡಪ್ಪ. ಮೊಮ್ಮಗ ಓದ್ತಾನೆ’ ಎಂದರು.

ನೋಟ್‌ಬುಕ್ಕಿನ ಹಾಳೆ ಹರಿದು ಬರೆದೆ: ಜಿಪ್ಸಂ, ಹೂ ಬಿಟ್ಟಾಗ, ಮಣ್ಣಲ್ಲಿ ತೇವ ಇರುವಾಗ, ಗಿಡದ ಬುಡಕ್ಕೆ. ಅಜ್ಜಿ ಅದನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮತ್ತೆ ಬಳ್ಳಿಗೆ ಕೈ ಹಾಕಿದರು.