ಒಂದೂವರೆ ಪಟ್ಟು

ನಿಧಾನವೇ ಪ್ರಧಾನವೆಂದು ಹೇಳಿದ ಹಿರಿಯರು ಸಿನಿಮಾ ತೆಗೆದವರಲ್ಲ. ತೆಗೆದಿದ್ದರೆ, ಪರದೆಯ ಮೇಲೆ ನಿಧಾನ ಕಾಣಬೇಕಾದರೆ ಕ್ಯಾಮೆರಾವನ್ನು ಓಡಿಸಬೇಕು, ಎದುರಿಗೆ ನಿಂತು ಹಾಡುವವರೂ ಅದರೊಡನೆ ಓಡಬೇಕು ಎಂಬ ಗುಟ್ಟು ಅವರಿಗೆ ತಿಳಿಯುತ್ತಿತ್ತು. ನನಗೆ ಅದು ತಿಳಿದದ್ದು ನಲವತ್ತು ದಾಟಿದ ಮೇಲೆ, ಹೆಗ್ಗಡದೇವನಕೋಟೆಯಲ್ಲಿರುವ ಅಕ್ಕನ ಮಗನಿಂದ.

ನಮ್ಮ ಸೀಮೆಗೆ ಈ ವಿದ್ಯೆ ತೀರ ಹೊರಗಿನದೇನೂ ಅಲ್ಲ. ಪುಟ್ಟಣ್ಣ ಕಣಗಾಲರು ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರು. ೧೯೭೨ರ ಡಿಸೆಂಬರಿನಲ್ಲಿ ಬಂದ ಅವರ ‘ನಾಗರಹಾವು’ ಚಿತ್ರದ ‘ಬಾರೆ ಬಾರೆ’ ಹಾಡಿನಲ್ಲಿ ವಿಷ್ಣುವರ್ಧನರೂ ಆರತಿಯವರೂ ನೀರಿನೊಳಗೆ ನಡೆದವರಂತೆ ತೇಲುತ್ತಾರೆ. ನಿಧಾನಗತಿಯ ಹಾಡು ಭಾರತದಲ್ಲಿ ಅದೇ ಮೊದಲನೆಯದು ಎನ್ನುವವರಿದ್ದಾರೆ. ಆ ಪಂಚಾಯಿತಿ ನನಗೆ ಬೇಡ. ನಾನು ಹುಣಸೂರಿನಲ್ಲಿ ಕನ್ನಡ ಹೇಳಿಕೊಡುವವನು. ತ.ರಾ.ಸು. ಅವರ ಕಾದಂಬರಿಯ ಒಂದು ಪುಟವನ್ನೂ ತೆರೆಯದ ಹುಡುಗರು ಆ ಹಾಡನ್ನು ಬಲ್ಲರು. ಮೇಷ್ಟರಾದವರಿಗೆ ಇದರಿಂದ ಸ್ವಲ್ಪ ಮುಜುಗರವಾಗುವುದು ಸಹಜ.

ಪುಟ್ಟಣ್ಣನವರದು ಮೂವತ್ತೈದು ಮಿಲಿಮೀಟರಿನ ದೊಡ್ಡ ಸುರುಳಿ. ನಮ್ಮ ಹುಡುಗನದು ಬಡವರ ಸುರುಳಿ. ಕೊಡಕ್ ಕಂಪೆನಿ ೧೯೬೫ರಲ್ಲಿ ಹೊರತಂದ ‘ಸೂಪರ್ ೮’ ಎಂಬುದು ಎಂಟು ಮಿಲಿಮೀಟರ್ ಅಗಲದ ಫಿಲಂ. ಒಂದು ಡಬ್ಬಿಯಲ್ಲಿ ಐವತ್ತು ಅಡಿ, ಅಂದರೆ ೩೬೦೦ ಚಿತ್ರಗಳು. ಮೊಬೈಲಿನಲ್ಲಿ ಇಡೀ ಜಾತ್ರೆಯನ್ನೇ ಹಿಡಿಯಬಹುದಾದ ಈ ಕಾಲದಲ್ಲಿ, ಅವನು ಯಾರಿಂದಲೋ ಹಳೆಯ ಜಪಾನೀ ಕ್ಯಾಮೆರಾ ಕೊಂಡುತಂದಿದ್ದ. ಸೆಕೆಂಡಿಗೆ ೨೪ ಚಿತ್ರಗಳಂತೆ ತೆಗೆದು ಅದೇ ವೇಗದಲ್ಲಿ ತೋರಿಸಿದರೆ ಚಲನೆ ಸಹಜ. ೩೬ರಂತೆ ತೆಗೆದು ೨೪ರಂತೆ ತೋರಿಸಿದರೆ ಎಲ್ಲವೂ ಒಂದೂವರೆ ಪಟ್ಟು ನಿಧಾನ. ಆದರೆ ತುಟಿಯೂ ನಿಧಾನವಾಗಿಬಿಡುತ್ತದಲ್ಲ! ಅದಕ್ಕೆ ಉಪಾಯವೆಂದರೆ, ತೆಗೆಯುವಾಗ ಹಾಡನ್ನೂ ಒಂದೂವರೆ ಪಟ್ಟು ವೇಗದಲ್ಲಿ ನುಡಿಸಬೇಕು. ಹಾಡುವವರು ಆ ಓಟಕ್ಕೆ ತುಟಿ ಕೂಡಿಸಬೇಕು. ತೋರಿಸುವಾಗ ಹಾಡಿನ ಸಹಜ ವೇಗಕ್ಕೆ ತುಟಿ ಸರಿಯಾಗಿ ಕೂಡುತ್ತದೆ. ಸೆರಗು, ಕೂದಲು, ಕೈಬಳೆ ಮಾತ್ರ ತೇಲುತ್ತವೆ.

ಮೊದಲು ಅವನ ಕಣ್ಣಿದ್ದದ್ದು ಚುಂಚನಕಟ್ಟೆಯ ಜಲಪಾತದ ಮೇಲೆ. ಆಮೇಲೆ ಕಬಿನಿಯ ಹಿನ್ನೀರು, ಅದೂ ಬೇಡವಾಗಿ ಹುಣಸೂರಿನ ಹೊಗೆಸೊಪ್ಪಿನ ಬ್ಯಾರನ್ನು. ಹಾಡುವವರು ಯಾರೆಂದು ಕೇಳಿದೆ.

“ಅಜ್ಜಿ,” ಎಂದ.

ನಾನು ಸುಮ್ಮನಾದೆ. ನನ್ನ ತಾಯಿಗೆ ಎಪ್ಪತ್ತಾರು ವರ್ಷ. ಎರಡು ವರ್ಷದ ಹಿಂದೆ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಪ್ರಾಣ ಉಳಿಯಿತು, ದನಿ ಹೋಯಿತು. ಈಗ ಉಳಿದಿರುವುದು ಪಿಸುಮಾತು. ಕೃಷ್ಣರಾಜನಗರದ ಸುತ್ತಿನ ಹತ್ತಾರು ಹಳ್ಳಿಗಳ ಮದುವೆಗಳಲ್ಲಿ ಸೋಬಾನೆಗೆ ಮೊದಲು ದನಿ ಎತ್ತುತ್ತಿದ್ದವಳು ಅವಳು. ೧೯೯೬ರಲ್ಲಿ ಅಕ್ಕನ ಮದುವೆಯಲ್ಲಿ ಯಾರೋ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟ ಒಂದು ಹಾಡು ಕ್ಯಾಸೆಟ್ಟಿನಲ್ಲಿ ಉಳಿದಿತ್ತು. ಹುಡುಗನ ಯೋಜನೆ ಆ ಹಾಡಿಗೆ ಈ ತುಟಿ.

ಅಕ್ಕ ಸಿಟ್ಟಾದಳು. “ಹೋದ ದನೀನ ಅವಳ ಮುಂದೆ ಹಾಕಿ ಯಾಕೋ ಸಂಕಟ ಕೊಡ್ತೀಯ?” ಎಂದಳು. ನನಗೂ ಹಾಗೆಯೇ ಅನ್ನಿಸಿತ್ತು. ಬೇರೊಬ್ಬರ ದನಿಗೆ ತುಟಿ ಆಡಿಸುವುದು ಸಿನಿಮಾದ ನಿತ್ಯವ್ಯಾಪಾರ. ತನ್ನದೇ ಹಳೆಯ ದನಿಗೆ ತಾನೇ ತುಟಿ ಆಡಿಸುವುದೆಂದರೆ ಬೇರೆ ಮಾತು. ನಾವಿಬ್ಬರೂ ಜಗಳವಾಡುತ್ತಿರುವಾಗ ಅಮ್ಮ ಒಳಗಿನಿಂದ ಬಂದು, “ಹಿತ್ತಿಲಲ್ಲಾದರೆ ಆಗಲಿ. ನೀರು, ಬೆಟ್ಟ ಅಂತ ನನ್ನನ್ನ ಹತ್ತಿಸಬೇಡ,” ಎಂದು ಪಿಸುಗುಟ್ಟಿದಳು. ಅಲ್ಲಿಗೆ ಜಗಳ ಮುಗಿಯಿತು.

ಮೊದಲ ದಿನ ಹಾಡನ್ನು ಹಾಗೆಯೇ ಓಡಿಸಿದ. ವೇಗ ಒಂದೂವರೆ ಪಟ್ಟಾದರೆ ಶ್ರುತಿಯೂ ಏರುತ್ತದೆ. ಷಡ್ಜ ಸರಿಯಾಗಿ ಪಂಚಮಕ್ಕೆ ಹೋಗಿ ಕೂರುತ್ತದೆ. ಈ ಲೆಕ್ಕ ನನಗೆ ಬಹಳ ಹಿಡಿಸಿತು, ಅಮ್ಮನಿಗೆ ಹಿಡಿಸಲಿಲ್ಲ. “ಇದ್ಯಾವ ಹುಡುಗಿಯೋ, ನಾನಲ್ಲ,” ಎಂದಳು. ಹಾಡಿನ ನಡುವೆ ಹಿಂದಿನಿಂದ ಯಾರೋ ಕೂಗುವುದು ಕೇಳುತ್ತದೆ: “ಎಲೆ ಸಾಲದು, ಇನ್ನೊಂದು ಕಟ್ಟು ತನ್ರೋ!” ಅದೂ ಹುಡುಗನ ಕೂಗಿನಂತೆ ಕೇಳಿಸಿತು. ಎಲ್ಲರೂ ನಕ್ಕೆವು.

ಮಾರನೆಯ ದಿನ ಹುಡುಗ ಕಂಪ್ಯೂಟರಿನಲ್ಲಿ ಏನೋ ಮಾಡಿ, ವೇಗವನ್ನು ಬಿಟ್ಟು ಶ್ರುತಿಯನ್ನು ಮಾತ್ರ ಕೆಳಗಿಳಿಸಿ ತಂದ. ಈಗ ಅದು ಅಮ್ಮನ ದನಿಯೇ, ಅವಸರದಲ್ಲಿರುವ ಅಮ್ಮ. ಅವಳ ತುಟಿ ತಾನಾಗಿ ಕೂಡಿಕೊಂಡಿತು. ಸೊಲ್ಲೆತ್ತಿಕೊಳ್ಳುವ ಹೆಂಗಸರ ಸರದಿ ಬಂದಾಗ ಸುಧಾರಿಸಿಕೊಂಡಳು. ಆದರೆ ಎಲೆಯ ಕೂಗೂ ಈಗ ಗುರುತು ಸಿಕ್ಕಿತು. ಅದು ೨೦೦೯ರಲ್ಲಿ ತೀರಿಕೊಂಡ ನಮ್ಮ ತಂದೆಯ ದನಿ. ಅಮ್ಮ ಅಲ್ಲಿ ನಿಂತುಬಿಟ್ಟಳು. ನಾಲ್ಕು ಸಲ ಅಭ್ಯಾಸವಾಯಿತು. ನಾಲ್ಕು ಸಲವೂ ಅಲ್ಲಿಯೇ ನಿಂತಳು.

ಹುಡುಗನ ಬಳಿ ಇದ್ದದ್ದು ಒಂದೇ ಡಬ್ಬಿ. ೩೬ರ ವೇಗದಲ್ಲಿ ಅದು ನೂರು ಸೆಕೆಂಡು. ಹಾಡು ಎರಡು ನಿಮಿಷ ಇಪ್ಪತ್ತು ಸೆಕೆಂಡು, ಓಡಿಸಿದರೆ ತೊಂಬತ್ತಮೂರು. ಕೈಯಲ್ಲಿ ಉಳಿಯುವುದು ಏಳು ಸೆಕೆಂಡು. ವೇಗ ಹೆಚ್ಚಿದಷ್ಟೂ ಒಂದೊಂದು ಚಿತ್ರಕ್ಕೆ ಸಿಕ್ಕುವ ಬೆಳಕು ಕಡಮೆ, ಮೂರರಲ್ಲಿ ಎರಡು ಪಾಲು. ಆದ್ದರಿಂದ ಬೆಳಗಿನ ಒಂಬತ್ತರ ಬಿಸಿಲಿಗೆ, ಹಿತ್ತಿಲ ದಾಸವಾಳದ ಪಕ್ಕದಲ್ಲಿ ಅವಳನ್ನು ನಿಲ್ಲಿಸಿದ. ಕ್ಯಾಮೆರಾ ಹೊಲಿಗೆ ಯಂತ್ರದಂತೆ ಗರಗರ ಎಂದಿತು. ಆ ಸದ್ದಿನ ಚಿಂತೆಯಿಲ್ಲ. ಇಂಥ ಫಿಲಮ್ಮಿಗೆ ಸದ್ದು ಆಮೇಲೆ ಸೇರುವುದು. ತೊಂಬತ್ತಮೂರು ಸೆಕೆಂಡಿನಲ್ಲಿ ಎಲ್ಲವೂ ಮುಗಿಯಿತು. ಅಮ್ಮ ಈ ಸಲ ನಿಲ್ಲದೆ ಕೊನೆ ಮುಟ್ಟಿಸಿ, “ಬಿಸಿಲು,” ಎಂದು ಒಳಗೆ ಹೋದಳು.

ಫಿಲಂ ತೊಳೆಯುವವರು ನಮ್ಮ ಕಡೆ ಇಲ್ಲ. ಅಂಚೆಯಲ್ಲಿ ಹೋದ ಡಬ್ಬಿ ಹಿಂದಿರುಗಲು ತಿಂಗಳೂವರೆ ಹಿಡಿಯಿತು. ಹಳೆಯ ಮೋಟಾರಿನ ಓಟ ಲೆಕ್ಕಕ್ಕೆ ಸರಿಯಾಗಿ ಮೂವತ್ತಾರಾಗಿರಲಿಲ್ಲ. ಹುಡುಗ ಒಂದು ವಾರ ಕೂತು ಅಲ್ಲಲ್ಲಿ ಎಳೆದು ಕೂಡಿಸಿದ. ಅಕ್ಕನ ಮನೆಯ ಟೀವಿಯಲ್ಲಿ ನೋಡಿದೆವು. ಅಮ್ಮನ ಗಂಟಲಿನಿಂದ ಆ ದನಿ ಹೊರಟು ಬಂತು. ಬೇರೆ ಎಲ್ಲಿಂದಲೋ ಬಂದಂತಿರಲಿಲ್ಲ. ಗಾಳಿಗೆ ಸೆರಗು ಏಳುವುದಕ್ಕೂ ಇಳಿಯುವುದಕ್ಕೂ ಬಹಳ ಹೊತ್ತಾಯಿತು. ಎಲೆಯ ಕೂಗು ಬಂದ ಕಡೆ ಅವಳ ತುಟಿ ತಪ್ಪಿದೆ. ಹಾಡುತ್ತಲೇ ಕತ್ತು ತಿರುಗಿಸಿ ಅಡಿಗೆಮನೆಯ ಬಾಗಿಲ ಕಡೆ ನೋಡಿದ್ದಾಳೆ. ಹಿತ್ತಿಲಲ್ಲಿ ನಮ್ಮ ಕಣ್ಣಿಗೇ ಬೀಳದಷ್ಟು ಬೇಗ ಆಗಿಹೋಗಿದ್ದ ಆ ನೋಟ ಪರದೆಯ ಮೇಲೆ ಹೋಗಿ ಬರಲು ತನ್ನ ಪೂರ್ತಿ ಸಮಯ ತೆಗೆದುಕೊಂಡಿತು.

“ಅಜ್ಜಿ, ಅಲ್ಲಿ ತುಟಿ ಕೂಡಿಲ್ಲ. ಮೇಲೆ ದಾಸವಾಳದ ಹೂವು ತೋರಿಸಿ ಮುಚ್ಚಿಬಿಡ್ಲಾ?” ಎಂದ ಹುಡುಗ.

“ಬೇಡ ಕಣೋ, ಇರಲಿ ಬಿಡು,” ಎಂದಳು ಅಮ್ಮ.

ಇನ್ನೊಂದು ಸಲ ಹಾಕು ಎಂದು ಯಾರೂ ಹೇಳಲಿಲ್ಲ. ಅಕ್ಕ ಎದ್ದು ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.