ಚೆನ್ನಮ್ಮ ಎಂಬ ಹೆಸರು

ಹೆಸರು ಎಂಬುದು ಮನುಷ್ಯನು ತಾನಾಗಿ ಗಳಿಸಿದ ಸೊತ್ತಲ್ಲ. ತೊಟ್ಟಿಲಲ್ಲಿ ಮಲಗಿ ಕೈಕಾಲಾಡಿಸುತ್ತಿರುವಾಗ ಹಿರಿಯರು ಕೊಟ್ಟುದನ್ನು ಜೀವವಿರುವ ತನಕ ಹೊತ್ತು ನಡೆಯಬೇಕು. ಹಾಗೆ ಕೊಟ್ಟ ಹೆಸರು ಒಬ್ಬರದೇ ಆಗಿರುವುದೂ ಅಪರೂಪ. ಒಂದು ಊರಿನಲ್ಲಿ ಮೂವರು ಬಸಪ್ಪಂದಿರಿದ್ದರೆ ಊರವರು ಒಬ್ಬನನ್ನು ಅಂಗಡಿಯ ಬಸಪ್ಪನೆಂದೂ, ಇನ್ನೊಬ್ಬನನ್ನು ಕೆರೆದಂಡೆಯ ಬಸಪ್ಪನೆಂದೂ, ಮತ್ತೊಬ್ಬನನ್ನು ಉದ್ದನೆಯ ಬಸಪ್ಪನೆಂದೂ ಕರೆದು ತೊಡಕನ್ನು ತಾವೇ ಬಿಡಿಸಿಕೊಳ್ಳುತ್ತಾರೆ. ಆದರೆ ಹೆಸರುವಾಸಿಯಾದವರಲ್ಲಿ ಇಬ್ಬರು ಒಂದೇ ಹೆಸರಿನವರಾದಾಗ ಇಷ್ಟು ಸುಲಭವಾಗಿ ಗಂಟು ಬಿಚ್ಚುವುದಿಲ್ಲ. ನಮ್ಮ ಸಾಹಿತ್ಯದಲ್ಲಿಯೇ ನೋಡಿರಿ: ಛಂದೋಂಬುಧಿಯನ್ನು ಬರೆದ ನಾಗವರ್ಮನೇ ಬೇರೆ, ಕಾವ್ಯಾವಲೋಕನವನ್ನು ಬರೆದ ನಾಗವರ್ಮನೇ ಬೇರೆ. ವಿಜಯನಗರವನ್ನು ಕಟ್ಟಿದ ಹರಿಹರನು ದೊರೆ. ಶಿವಶರಣರ ರಗಳೆಗಳನ್ನು ಹಾಡಿದ ಹಂಪೆಯ ಹರಿಹರನು ಕವಿ. ನಾಗಚಂದ್ರನಂತೂ ತನ್ನ ಹೆಸರು ಸಾಲದೆಂದು ಅಭಿನವಪಂಪನೆಂದು ಹಿಂದಿನ ಮಹಾಕವಿಯ ಹೆಸರನ್ನೇ ಬಿರುದಾಗಿ ಧರಿಸಿದನು.

ಕವಿಗಳ ಸಂಗತಿಯನ್ನು ವಿದ್ವಾಂಸರಿಗೆ ಬಿಟ್ಟು, ಮನೆಮನೆಯಲ್ಲಿ ಮಕ್ಕಳೂ ಬಲ್ಲ ಒಂದು ಹೆಸರನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ. ಅದು ಚೆನ್ನಮ್ಮ ಎಂಬ ಹೆಸರು. ಶಾಲೆಯ ಉತ್ಸವದಲ್ಲಿ ಎಳೆಯ ಹುಡುಗಿಯೊಬ್ಬಳು ಕಚ್ಚೆಸೀರೆಯುಟ್ಟು, ಹಣೆಗೆ ವಿಭೂತಿ ಹಚ್ಚಿ, ಕೈಯಲ್ಲಿ ಬೆಳ್ಳಿಯ ಕಾಗದ ಸುತ್ತಿದ ಕತ್ತಿಯನ್ನು ಹಿಡಿದು ವೇದಿಕೆಗೆ ಬರುತ್ತಾಳೆ. ಯಾರಮ್ಮಾ ನೀನೆಂದು ಕೇಳಿದರೆ, "ರಾಣಿ ಚೆನ್ನಮ್ಮ" ಎನ್ನುತ್ತಾಳೆ. ಯಾವ ಚೆನ್ನಮ್ಮನೆಂದು ಮರುಪ್ರಶ್ನೆ ಹಾಕಿದರೆ ಹುಡುಗಿಯು ತಾಯಿಯ ಮುಖವನ್ನೂ, ತಾಯಿಯು ತಂದೆಯ ಮುಖವನ್ನೂ ನೋಡುವುದುಂಟು. ಶಿವಾಜಿಯ ಮಗನನ್ನು ಕಾಪಾಡಿದವಳೂ ಇಂಗ್ಲಿಷರೊಡನೆ ಕಾದಿದವಳೂ ಒಬ್ಬಳೇ ಎಂದು ತಿಳಿದಿರುವ ಗೃಹಸ್ಥರನ್ನು ನಾನು ಕಂಡಿದ್ದೇನೆ. ಮೊದಲನೆಯವಳ ಆಳ್ವಿಕೆ ಮುಗಿದುದಕ್ಕೂ ಎರಡನೆಯವಳ ಯುದ್ಧಕ್ಕೂ ನಡುವೆ 127 ವರ್ಷಗಳು ಕಳೆದಿವೆ. ಇಬ್ಬರನ್ನೂ ಕಲಸಿ ಒಬ್ಬಳನ್ನಾಗಿ ಮಾಡಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ.

ಮೊದಲನೆಯ ಚೆನ್ನಮ್ಮನು ಮಲೆನಾಡಿನ ಕೆಳದಿಯ ಅರಸು ಮನೆತನದವಳು. ಹುಟ್ಟಿನಿಂದ ಅವಳು ರಾಜಪುತ್ರಿಯಲ್ಲ. ಕೋಟಿಪುರದ ಸಿದ್ದಪ್ಪಶೆಟ್ಟಿಯೆಂಬ ವ್ಯಾಪಾರಿಯ ಮಗಳು. ಸೋಮಶೇಖರನಾಯಕನು ಅವಳನ್ನು ಮೆಚ್ಚಿ ಮದುವೆಯಾದನು. ಆದರೆ ಆ ಸುಖವು ಬಹುಕಾಲ ಉಳಿಯಲಿಲ್ಲ. ನಾಯಕನು ಮನಸ್ಸಿನ ಸ್ವಾಸ್ಥ್ಯವನ್ನು ಕಳೆದುಕೊಂಡನು, ಮಕ್ಕಳಿರಲಿಲ್ಲ, ರಾಜಧಾನಿಯಾದ ಬಿದನೂರಿನಲ್ಲಿ ಒಳಸಂಚುಗಳು ಬೆಳೆದು ಕೊನೆಗೆ ನಾಯಕನೇ ಬಲಿಯಾದನು. ಇದೇ ಸಮಯವೆಂದು ಬಿಜಾಪುರದ ಸೈನ್ಯವು ಏರಿ ಬಂದಿತು. ವಿಧವೆಯಾದ ರಾಣಿಯು ಭುವನಗಿರಿದುರ್ಗಕ್ಕೆ, ಎಂದರೆ ತೀರ್ಥಹಳ್ಳಿಯ ಬಳಿಯ ಕವಲೇದುರ್ಗಕ್ಕೆ, ಸರಿದು ಅಲ್ಲಿಂದ ಬಲವನ್ನು ಕೂಡಿಸಿಕೊಂಡು ರಾಜ್ಯವನ್ನು ಕೈವಶಮಾಡಿಕೊಂಡಳು. 1672ರಿಂದ 1697ರ ವರೆಗೆ, ಒಂದು ಶತಮಾನದ ಕಾಲುಭಾಗ, ಅವಳು ಆ ರಾಜ್ಯವನ್ನು ಆಳಿದಳು.

ಅವಳ ಹೆಸರನ್ನು ಹಬ್ಬಿಸಿದ ಸಂಗತಿಯು ನಡೆದುದು 1689ರಲ್ಲಿ. ಆಗ ದಕ್ಷಿಣದೇಶವೆಲ್ಲವೂ ಔರಂಗಜೇಬನ ಹೆಸರಿಗೆ ನಡುಗುತ್ತಿತ್ತು. 1686ರಲ್ಲಿ ಬಿಜಾಪುರವೂ, ಮರುವರ್ಷ ಗೋಲ್ಕೊಂಡವೂ ಅವನ ವಶವಾಗಿದ್ದವು. ಶಿವಾಜಿಯ ಹಿರಿಯ ಮಗ ಸಂಭಾಜಿಯನ್ನು ಹಿಡಿದು ಕೊಲ್ಲಿಸಿಯಾಗಿತ್ತು. ಕಿರಿಯವನಾದ ರಾಜಾರಾಮನು, ಇನ್ನೂ ಹತ್ತೊಂಬತ್ತರ ತರುಣನು, ವೇಷ ಮರೆಸಿಕೊಂಡು ದೂರದ ಜಿಂಜಿಯ ಕೋಟೆಯನ್ನು ಸೇರಲು ಹೊರಟಿದ್ದನು. ದಾರಿಯು ಚೆನ್ನಮ್ಮನ ಸೀಮೆಯ ಮೇಲೆಯೇ ಹಾದು ಹೋಗುತ್ತಿತ್ತು. ಅವನಿಗೆ ಆಶ್ರಯ ಕೊಡುವುದೆಂದರೆ ದಿಲ್ಲಿಯ ಬಾದಶಹನ ಸೈನ್ಯವನ್ನು ಮನೆಗೆ ಕರೆದಂತೆಯೇ ಸರಿ. ಅದೂ ಅಲ್ಲದೆ ಇನ್ನೊಂದು ಮಾತುಂಟು. ಈ ಹುಡುಗನ ತಂದೆಯಾದ ಶಿವಾಜಿಯೇ 1665ರಲ್ಲಿ ಹಡಗುಗಳೊಡನೆ ಬಂದು ಕೆಳದಿ ರಾಜ್ಯದ ಬಂದರವಾದ ಬಸರೂರನ್ನು ಸೂರೆಗೊಂಡಿದ್ದನು. ಹಳೆಯ ಲೆಕ್ಕವನ್ನು ಎತ್ತಿ ಬಾಗಿಲು ಮುಚ್ಚುವುದಕ್ಕೆ ರಾಣಿಗೆ ಕಾರಣವಿದ್ದಿತು. ಅವಳು ಬಾಗಿಲನ್ನು ತೆರೆದಳು. ಅವನನ್ನು ಸುರಕ್ಷಿತವಾಗಿ ಮುಂದಕ್ಕೆ ಸಾಗಿಸಿದಳು. ಮೊಗಲರ ಸೈನ್ಯವು ಬಂದಾಗ ಮಲೆನಾಡಿನ ಕಾಡುಕಣಿವೆಗಳ ನಡುವೆ ನಿಂತು ಎದುರಿಸಿದಳು. ಕೊನೆಗೆ ಸಂಧಿಯಾಯಿತು. ರಾಜಾರಾಮನು ಜಿಂಜಿಯನ್ನು ಸೇರಿದನು, ಕೆಳದಿಯೂ ಉಳಿಯಿತು.

ಆದರೆ ಈ ರಾಣಿಯ ಹೆಚ್ಚುಗಾರಿಕೆ ಕಾಳಗದಲ್ಲಿ ಮಾತ್ರವೇ ಇರಲಿಲ್ಲವೆಂದು ನನ್ನ ಭಾವನೆ. ಇಪ್ಪತ್ತೈದು ವರ್ಷಗಳಲ್ಲಿ ಕಾಳಗದ ದಿನಗಳು ಎಷ್ಟು ಇದ್ದಾವು? ಉಳಿದ ದಿನಗಳೆಲ್ಲ ತೆರಿಗೆ, ವ್ಯಾಪಾರ, ನ್ಯಾಯ, ಮಠಮಾನ್ಯಗಳ ವಿಚಾರದಲ್ಲಿಯೇ ಕಳೆದಿರಬೇಕು. ಕರಾವಳಿಯ ಅಕ್ಕಿ ಮೆಣಸುಗಳ ಮೇಲೆ ಕಣ್ಣಿಟ್ಟಿದ್ದ ಪೋರ್ತುಗೀಸರೊಡನೆ 1678ರಲ್ಲಿ ಒಪ್ಪಂದ ಮಾಡಿಕೊಂಡು, ತನ್ನ ಸೀಮೆಯ ಕೆಲವು ಊರುಗಳಲ್ಲಿ ಇಗರ್ಜಿಗಳನ್ನು ಕಟ್ಟಿಕೊಳ್ಳಲು ಅವರಿಗೆ ಅಪ್ಪಣೆ ಕೊಟ್ಟಳು. ಬಸವಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡು, ಕಲಿಸಿ, ಬೆಳೆಸಿ, ತನ್ನ ತರುವಾಯ ಪಟ್ಟಕ್ಕೆ ತಕ್ಕವನನ್ನಾಗಿ ಮಾಡಿದಳು. ಆ ಬಸವಪ್ಪನಾಯಕನೇ 1709ರಲ್ಲಿ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದವನು. ತಾಯಿಯು ಗಡಿಯನ್ನು ಕಾಯದಿದ್ದರೆ ಮಗನಿಗೆ ಗ್ರಂಥ ಬರೆಯುವ ನೆಮ್ಮದಿ ಎಲ್ಲಿಂದ ಬರುತ್ತಿತ್ತು?

ಇನ್ನು ಎರಡನೆಯ ಚೆನ್ನಮ್ಮನ ಕಡೆಗೆ ಬರೋಣ. ಮಲೆನಾಡನ್ನು ಬಿಟ್ಟು ಬಡಗಲಿಗೆ ನಡೆದು, ಧಾರವಾಡವನ್ನು ದಾಟಿ ಬೆಳಗಾವಿಯ ದಾರಿ ಹಿಡಿದರೆ ಕಿತ್ತೂರು ಸಿಕ್ಕುತ್ತದೆ. ಬೆಳಗಾವಿಗೆ ಹತ್ತಿರದ ಕಾಕತಿಯಲ್ಲಿ 1778ರಲ್ಲಿ ಹುಟ್ಟಿದ ಚೆನ್ನಮ್ಮನು ಕಿತ್ತೂರಿನ ಮಲ್ಲಸರ್ಜ ದೇಸಾಯಿಯ ಕೈಹಿಡಿದಳು. 1816ರಲ್ಲಿ ಪತಿಯು ತೀರಿಕೊಂಡನು. ಹಿರಿಯ ರಾಣಿಯ ಮಗ ಶಿವಲಿಂಗರುದ್ರಸರ್ಜನು ಗಾದಿಗೆ ಬಂದನು. ಅಷ್ಟರಲ್ಲಿ ಪೇಶವೆಯ ರಾಜ್ಯವು ಮುಳುಗಿ, 1818ರಿಂದ ಕಿತ್ತೂರು ಕುಂಪಣಿ ಸರಕಾರದ ಕೈಕೆಳಗಿನ ಸಂಸ್ಥಾನವಾಯಿತು. 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಶಿವಲಿಂಗರುದ್ರನೂ ಕಣ್ಣುಮುಚ್ಚಿದನು. ಸಂಸ್ಥಾನದ ಬಾಧ್ಯತೆಗಾಗಿ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತು ಮಾಡಿಕೊಂಡಿದ್ದರು. ಧಾರವಾಡದ ಕಲೆಕ್ಟರನಾದ ಥ್ಯಾಕರೆ ಸಾಹೇಬನು ಈ ದತ್ತಕವನ್ನು ಒಪ್ಪಲಿಲ್ಲ. ಬೊಕ್ಕಸಕ್ಕೆ ಮುದ್ರೆಯೊತ್ತಿಸಿ, ಕೋಟೆಗೆ ಪಹರೆ ಹಾಕಿಸಿದನು.

ಮುಂದಿನ ಕಥೆಯು ಲಾವಣಿಗಳ ಮೂಲಕ ಊರೂರಿಗೂ ತಿಳಿದುದೇ ಆಗಿದೆ. 1824ನೆಯ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಕಿತ್ತೂರಿನ ದಂಡು ಹೊರಬಿದ್ದಿತು. ಥ್ಯಾಕರೆ ಸಾಹೇಬನು ಅಲ್ಲಿಯೇ ಬಿದ್ದನು. ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕಿದರು. ಸೆರೆಯಾಳುಗಳಿಗೆ ರಾಣಿಯು ಅಪಾಯವಾಗಗೊಡದೆ ಕೊನೆಗೆ ಬಿಟ್ಟುಕೊಟ್ಟಳು. ಇಲ್ಲಿ ಹೆಸರುಗಳ ಇನ್ನೊಂದು ಚಮತ್ಕಾರವುಂಟು. ಮಡಿದ ಥ್ಯಾಕರೆಯು, ಇಂಗ್ಲಿಷ್ ಕಾದಂಬರಿಗಳಿಂದ ಲೋಕಪ್ರಸಿದ್ಧನಾದ ಥ್ಯಾಕರೆಗೆ ಚಿಕ್ಕಪ್ಪ. ಸೆರೆಯಾಗಿ ಬದುಕಿ ಬಂದ ವಾಲ್ಟರ್ ಎಲಿಯಟನಾದರೋ ತರುವಾಯ ನಮ್ಮ ನಾಡಿನ ನೂರಾರು ಶಿಲಾಶಾಸನಗಳನ್ನು ಪ್ರತಿಮಾಡಿಸಿ ಕೂಡಿಸಿಟ್ಟು ಕನ್ನಡದ ಇತಿಹಾಸಕ್ಕೆ ಉಪಕಾರ ಮಾಡಿದನು. ಕಿತ್ತೂರಿನವರು ಕೋಪದಲ್ಲಿಯೂ ಕೈ ತಡೆದುದರ ಫಲವು ಹೀಗೆ ನಮಗೇ ಬಂದು ಮುಟ್ಟಿತು.

ಕುಂಪಣಿಯು ಸುಮ್ಮನಿರಲಿಲ್ಲ. ಡಿಸೆಂಬರಿನಲ್ಲಿ ಹೆಚ್ಚಿನ ದಂಡು, ತೋಪುಗಳೊಡನೆ ಬಂದು ಮುತ್ತಿತು, ಕೋಟೆ ಬಿದ್ದಿತು. ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. ಅಲ್ಲಿಯೇ 1829ರ ಫೆಬ್ರವರಿಯಲ್ಲಿ ಅವಳು ತೀರಿಕೊಂಡಳು. ಅವಳ ಬಂಟನಾದ ಸಂಗೊಳ್ಳಿ ರಾಯಣ್ಣನು ಹೋರಾಟವನ್ನು ಕೈಬಿಡದೆ ನಡೆಯಿಸಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು.

ಇಬ್ಬರ ಚರಿತ್ರೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹೆಸರೊಂದೇ ಅಲ್ಲ, ಬಾಳಿನ ಎಳೆಗಳೂ ಒಂದೇ ಎಂಬುದು ಕಾಣುತ್ತದೆ. ಇಬ್ಬರೂ ಪತಿಯನ್ನು ಕಳೆದುಕೊಂಡವರು. ಇಬ್ಬರ ಮನೆಯಲ್ಲಿಯೂ ವಂಶದ ಕುಡಿ ಇರಲಿಲ್ಲ. ಎರಡು ಮನೆಗಳೂ ದತ್ತಕದ ಮೇಲೆಯೇ ಭರವಸೆಯಿಟ್ಟವು. ಆದರೆ ಫಲ ಮಾತ್ರ ಬೇರೆಬೇರೆಯಾಯಿತು. ಕೆಳದಿಯ ರಾಣಿಯು ದತ್ತು ಮಾಡಿಕೊಂಡಾಗ ಅದು ಸರಿಯೋ ತಪ್ಪೋ ಎಂದು ತೀರ್ಪು ಹೇಳುವ ಪರರಾಯನು ಅವಳ ತಲೆಯ ಮೇಲೆ ಇರಲಿಲ್ಲ. ಕಿತ್ತೂರಿನಲ್ಲಾದರೋ, ನಮ್ಮ ಮನೆಯ ಮಗನಾರೆಂಬುದನ್ನು ಕಡಲಾಚೆಯಿಂದ ಬಂದ ಸರಕಾರವು ನಿಶ್ಚಯಿಸಬೇಕಾಯಿತು. ಡಾಲ್‌ಹೌಸಿಯು 1848ರಲ್ಲಿ ಬಂದು, ದತ್ತುಮಕ್ಕಳ ಹಕ್ಕನ್ನು ಅಲ್ಲಗಳೆದು ಸಂಸ್ಥಾನಗಳನ್ನು ನುಂಗುವ ಪದ್ಧತಿಯನ್ನು ಬಲಪಡಿಸಿದನು. 1857ರಲ್ಲಿ ಝಾಂಸಿಯ ಲಕ್ಷ್ಮೀಬಾಯಿಯು ಎದ್ದು ನಿಂತಳು. ಅದಕ್ಕೆ 33 ವರ್ಷ ಮುಂಚೆಯೇ ಕಿತ್ತೂರಿನ ಚೆನ್ನಮ್ಮನು ಅದೇ ಪ್ರಶ್ನೆಗೆ ಕತ್ತಿಯಿಂದ ಉತ್ತರ ಕೊಟ್ಟಿದ್ದಳು.

ಕೀರ್ತಿಯ ನಡೆಯೂ ವಿಚಿತ್ರವಾದುದು. ಉಳಿಸಿಕೊಂಡವಳಿಗಿಂತ ಕಳೆದುಕೊಂಡವಳ ಹೆಸರೇ ದೊಡ್ಡದಾಗಿ ಬೆಳೆಯಿತು. ಕಿತ್ತೂರಿನ ರಾಣಿಯ ಹೆಸರಿನಲ್ಲಿ ರೈಲುಗಾಡಿ ಓಡುತ್ತದೆ. 1961ರಲ್ಲಿ ಚಲಚ್ಚಿತ್ರ ಬಂದಿತು. 2007ರಲ್ಲಿ ದಿಲ್ಲಿಯ ಪಾರ್ಲಿಮೆಂಟಿನ ಆವರಣದಲ್ಲಿ ವಿಗ್ರಹವನ್ನು ನಿಲ್ಲಿಸಿದರು. 2010ರಲ್ಲಿ ಬೆಳಗಾವಿಯ ವಿಶ್ವವಿದ್ಯಾನಿಲಯಕ್ಕೆ ಅವಳ ಹೆಸರಾಯಿತು. ಕೆಳದಿಯ ರಾಣಿಯ ಹೆಸರನ್ನು ಚನ್ನಗಿರಿಯ ಊರು ಮೌನವಾಗಿ ಹೊತ್ತುಕೊಂಡಿದೆ. ಧೈರ್ಯ ತೋರಿದ ಬಾಲಕಿಯರಿಗೆ ರಾಜ್ಯ ಸರಕಾರವು ಕೊಡುವ ಶೌರ್ಯಪ್ರಶಸ್ತಿಗೂ ಅವಳದೇ ಹೆಸರು. ಇದರಲ್ಲಿ ನಾನು ಯಾರನ್ನೂ ದೂರುವುದಿಲ್ಲ. ಸೆರೆಯಲ್ಲಿ ಕಣ್ಣುಮುಚ್ಚಿದವಳಿಗೆ ಜನರು ಕಣ್ಣೀರಿನ ಕಾಣಿಕೆ ಸಲ್ಲಿಸುವುದು ಸಹಜ. ಆದರೆ ಇಪ್ಪತ್ತೈದು ವರ್ಷ ದಿನದಿನವೂ ಕೂತು ರಾಜ್ಯವೆಂಬ ಸಂಸಾರವನ್ನು ತೂಗಿಸಿದವಳ ಕೆಲಸಕ್ಕೆ ಲಾವಣಿ ಹುಟ್ಟುವುದು ಕಡಿಮೆ. ಮನೆವಾರ್ತೆ ನಡೆಸುವ ತಾಯಂದಿರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ನಾನು ಈ ಹೆಸರಿನ ವಿಷಯವಾಗಿ ಇಷ್ಟು ಯೋಚಿಸುವುದಕ್ಕೆ ಸ್ವಂತ ಕಾರಣವೊಂದುಂಟು. ನನ್ನ ಅಜ್ಜಿಯ ಹೆಸರೂ ಚೆನ್ನಮ್ಮ. ನಮ್ಮದು ಹಾವೇರಿಯ ಕಡೆಯ ಹಳ್ಳಿ. ತೆಂಕಲಿಗೆ ಕೆಳದಿಯ ಸೀಮೆ, ಬಡಗಲಿಗೆ ಕಿತ್ತೂರಿನ ಸೀಮೆ. ಎರಡೂ ಕಡೆಯ ಕಥೆಗಳು ನಮ್ಮ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದವು. ಇಬ್ಬರಲ್ಲಿ ಯಾವ ರಾಣಿಯ ಹೆಸರನ್ನು ನಿನಗೆ ಇಟ್ಟರೆಂದು ನಾನು ಚಿಕ್ಕಂದಿನಲ್ಲಿ ಕೇಳಿದಾಗ ಅಜ್ಜಿ ನಕ್ಕು, "ನಮ್ಮವ್ವನ ಅವ್ವನ ಹೆಸರು ನನಗಿಟ್ಟಾರೋ ತಮ್ಮಾ, ರಾಣಿ ಗೀಣಿ ಯಾರಿಗೆ ಗೊತ್ತಿತ್ತು?" ಎಂದಿದ್ದಳು. ಅವಳು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿಯೇ ವಿಧವೆಯಾದಳು. ಎರಡು ಕೂರಿಗೆ ಹೊಲ, ಒಂದು ಮನೆ, ಮಕ್ಕಳಿಲ್ಲ. ದೂರದ ಸಂಬಂಧದ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡಳು. ದಾಯಾದಿಗಳು ದತ್ತಕಪತ್ರವೇ ಸಟೆಯೆಂದರು. ಅಜ್ಜಿಯು ಪತ್ರವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೂರು ವರ್ಷ ಚಕ್ಕಡಿಯಲ್ಲಿ ಕಚೇರಿಗೆ ಓಡಾಡಿದಳು. ಓದುಬರಹ ಬಾರದವಳು, ಆದರೂ ಆ ಕಾಗದದಲ್ಲಿ ಎಷ್ಟನೆಯ ಸಾಲಿನಲ್ಲಿ ಯಾರ ಹೆಸರಿದೆಯೆಂಬುದನ್ನು ಬೆರಳಿಟ್ಟು ತೋರಿಸುತ್ತಿದ್ದಳಂತೆ. ಕೊನೆಗೆ ಪತ್ರವು ಊರ್ಜಿತವಾಯಿತು. ಆ ದತ್ತುಮಗನೇ ನನ್ನ ತಂದೆ. ನಾನು ಇಂದು ಯಾವ ಮನೆತನದ ಹೆಸರನ್ನು ಬರೆದುಕೊಳ್ಳುತ್ತಿದ್ದೇನೋ ಅದು ಆ ಒಂದು ಕಾಗದದ ಮೇಲೆ ನಿಂತಿದೆ. ಕಿತ್ತೂರಿನ ಕಥೆಯಲ್ಲಿ "ದತ್ತಕವನ್ನು ಒಪ್ಪಲಿಲ್ಲ" ಎಂಬ ಮಾತು ಬಂದಾಗಲೆಲ್ಲ ನನಗೆ ಅಜ್ಜಿಯ ಸೆರಗಿನ ಗಂಟು ನೆನಪಾಗುತ್ತದೆ.

ಇತಿಹಾಸದಲ್ಲಿ ಬರೆದಿರುವ ಚೆನ್ನಮ್ಮಂದಿರು ಇಬ್ಬರು. ಬರೆಯದೆ ಉಳಿದವರು ಸಾವಿರಾರು. ಅವರೆಲ್ಲರೂ ಈ ಹೆಸರನ್ನು ಒಬ್ಬರ ಕೈಯಿಂದೊಬ್ಬರು ಪಡೆದು ಸವೆಯಗೊಡದೆ ತಂದವರು. ಚೆನ್ನ ಎಂದರೆ ಚೆಲುವು, ಒಳ್ಳೆಯದು ಎಂದು ಅರ್ಥ. ಅರ್ಥವು ಇಷ್ಟು ಸೊಗಸಾಗಿದ್ದರೂ ಈಗಿನ ತಾಯಿತಂದೆಗಳಿಗೆ ಇದು ಹಳೆಯದಾಗಿ ತೋರುತ್ತದೆ. ನಮ್ಮ ಮನೆಯಲ್ಲಿಯೂ ಮೊಮ್ಮಗಳು ಹುಟ್ಟಿದಾಗ ಇದೇ ಚರ್ಚೆಯಾಯಿತು. ಮಗನೂ ಸೊಸೆಯೂ ಶಾಲೆಯ ಪಟ್ಟಿಗೆ ಹೊಸ ಹೆಸರನ್ನು ಆರಿಸಿಕೊಂಡರು. ಅದು ಅವರ ಹಕ್ಕು. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆಯು ಕೂಸಿನ ಕಿವಿಯಲ್ಲಿ ಮೊದಲು ಹೇಳಿದ ಹೆಸರು ಮಾತ್ರ ಚೆನ್ನಮ್ಮನೆಂದೇ.

ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಈ ಹೆಸರಿನ ಹುಡುಗಿಯಿದ್ದರೆ, ಅವಳ ಕೈಗೆ ಬೆಳ್ಳಿಯ ಕಾಗದದ ಕತ್ತಿಯನ್ನು ಕೊಡುವ ಮೊದಲು ಇಬ್ಬರು ರಾಣಿಯರ ಕಥೆಗಳನ್ನೂ ಬೇರೆಬೇರೆಯಾಗಿ ಹೇಳಿರಿ. ವೈರಿಯಾಗಿ ಬಂದಿದ್ದವನ ಮಗನಿಗೂ ಬಾಗಿಲು ತೆರೆದವಳು ಒಬ್ಬಳು. ತನ್ನ ಮನೆಯ ಬಾಗಿಲಿಗೆ ಪರರು ಮುದ್ರೆಯೊತ್ತಿದಾಗ ಸಹಿಸದವಳು ಇನ್ನೊಬ್ಬಳು. ಬಾಗಿಲನ್ನು ಯಾವಾಗ ತೆರೆಯಬೇಕು, ಯಾವಾಗ ಕಾಯಬೇಕು ಎಂಬ ವಿವೇಕವು ಪ್ರತಿಯೊಂದು ಮನೆಗೂ ಬೇಕಾದುದೇ ಆಗಿದೆ. ಕಥೆ ಮುಗಿದ ಮೇಲೆ, ಅವಳ ಸ್ವಂತ ಅಜ್ಜಿ ಮುತ್ತಜ್ಜಿಯರಲ್ಲಿ ಆ ಹೆಸರಿನವರು ಯಾರಿದ್ದರು, ಅವರು ಏನನ್ನು ಕಾಪಾಡಿಕೊಂಡು ಬಂದರು ಎಂಬುದನ್ನೂ ತಪ್ಪದೆ ತಿಳಿಸಿರಿ.